ಬಾಸ್ಕೆಟ್‌ಬಾಲ್ ಜಿಎಂ: ಸಂಬಳದ ಮಿತಿ ದಾಟಿದ ಮೇಲೆ ಫ್ರೀ ಏಜೆಂಟ್‌ನನ್ನು ತಂದದ್ದು

ಬಾಸ್ಕೆಟ್‌ಬಾಲ್ ಜಿಎಂ ಅಂದರೆ ತಂಡದ ಮ್ಯಾನೇಜರ್ ಆಗಿ ಆಡುವ ಕಂಪ್ಯೂಟರ್ ಆಟ. ನನ್ನ ಲೀಗ್‌ನಲ್ಲಿ ಸಂಬಳದ ಮಿತಿ 14 ಕೋಟಿ ಡಾಲರ್, ಸಾಫ್ಟ್ ಕ್ಯಾಪ್ (ಕೆಲವು ಸಂದರ್ಭಗಳಲ್ಲಿ ಮಾತ್ರ ದಾಟಬಹುದಾದ ಮಿತಿ). ತಂಡದ ಒಟ್ಟು ಸಂಬಳ 15.1 ಕೋಟಿ. ಫ್ರೀ ಏಜೆಂಟ್, ಅಂದರೆ ಯಾವ ತಂಡದ ಕರಾರೂ ಇಲ್ಲದ, 1.2 ಕೋಟಿ ಕೇಳುತ್ತಿದ್ದ ಸೆಂಟರ್ ಸ್ಥಾನದ ಆಟಗಾರನೊಬ್ಬನಿಂದ ಸಹಿ ಹಾಕಿಸಲು ಹೋದರೆ ಪ್ರತಿ ಸಲವೂ ಮಿತಿ ಮೀರಿದೆ ಅಂತಲೇ ಬರುತ್ತಿತ್ತು.

ಮೊದಲು ಬೆಂಚಿನ ಇಬ್ಬರನ್ನು ರಿಲೀಸ್ ಮಾಡಿದೆ. ಪ್ರಯೋಜನವಾಗಲಿಲ್ಲ. ಕರಾರು ಮುಗಿಯುವವರೆಗೂ ಅವರ ಸಂಬಳ ಲೆಕ್ಕದಲ್ಲೇ ಇರುತ್ತದೆ, ಆಟಗಾರರು ಮಾತ್ರ ಕೈಬಿಟ್ಟು ಹೋಗುತ್ತಾರೆ. ಒಬ್ಬನನ್ನು ಕೊಟ್ಟು ಇಬ್ಬರನ್ನು ತರುವ ಟ್ರೇಡೂ ಆಗಲಿಲ್ಲ; ಮಿತಿ ಮೀರಿದ ತಂಡ ಕೊಟ್ಟದ್ದಕ್ಕಿಂತ ಕಡಿಮೆ ಸಂಬಳವನ್ನೇ ವಾಪಸ್ ತಗೋಬೇಕು.

ಸರಿಯಾದದ್ದು ಹೀಗೆ. ಮೊದಲು ಕೂಡಿ ಕಳೆಯಿರಿ: ಮಿತಿಗಿಂತ 1.1 ಹೆಚ್ಚು, ಹೊಸಬನಿಗೆ 1.2, ಒಟ್ಟು 2.3 ಕೋಟಿ ಇಳಿಯಬೇಕು. ನನ್ನಲ್ಲಿ 2.4 ಕೋಟಿಯ ಒಬ್ಬ ಫಾರ್ವರ್ಡ್ ಇದ್ದ, ವಯಸ್ಸಾದವನು, ಇನ್ನೂ ಮೂರು ವರ್ಷದ ಕರಾರು. ಒಟ್ಟು ಸಂಬಳ 11.6 ಕೋಟಿಗಿಂತ ಕಡಿಮೆ ಇರುವ ತಂಡ ಹುಡುಕಿದೆ. ಇವನು ಸೇರಿದ ಮೇಲೂ ಅದು ಮಿತಿಯೊಳಗಿರಬೇಕಲ್ಲ. ಅವನ ಜೊತೆ ಎರಡನೇ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸುವ ಹಕ್ಕು) ಒಂದನ್ನೂ ಸೇರಿಸಿ, ಆ ಕಡೆಯಿಂದ ಆಟಗಾರರನ್ನು ಯಾರನ್ನೂ ಕೇಳದೆ ಟ್ರೇಡ್ ಮುಗಿಸಿದೆ. ಒಟ್ಟು 12.7ಕ್ಕೆ ಇಳಿಯಿತು. ಆಟವನ್ನು ಒಂದು ದಿನವೂ ಮುಂದೆ ಓಡಿಸದೆ ಸೆಂಟರ್‌ನಿಂದ ಸಹಿ ಹಾಕಿಸಿದೆ: ಒಟ್ಟು 13.9 ಕೋಟಿ.

ಕನಿಷ್ಠ ಸಂಬಳದ ಆಟಗಾರರು ಬೇಕಿದ್ದರೆ ಕೊನೆಗೆ ತಗೊಳ್ಳಿ, ಮಿತಿ ಮೀರಿದರೂ ಅವರು ಸಿಗುತ್ತಾರೆ.