ತುಂಟ ಮರಿಬೆಕ್ಕಿಗೆ ಹೊಸ ಮನೆ ಹುಡುಕೋರಿಗೆ

ಆರೆಂಟು ತಿಂಗಳ ಬೆಕ್ಕು ಕೊಡೋದಿದ್ರೆ 'ಭಾಳ ಶಾಂತ ಅದ' ಅಂತ ಬರೀಬ್ಯಾಡ್ರಿ. ಪರದೆ ಹತ್ತತದ, ರಾತ್ರಿ ಓಡ್ಯಾಡತದ ಅಂತ ಖರೇ ಹೇಳ್ರಿ. ಇಲ್ಲಂದ್ರ ವಾರದಾಗ ವಾಪಸ್ ಬರತದ. ವಯಸ್ಸಾದ ಬೆಕ್ಕಿರೋ ಮನಿಗಿಂತ, ಇಂಥದ್ದೇ ಇನ್ನೊಂದು ಹುಡುಗಾಟದ ಬೆಕ್ಕಿರೋ ಮನಿ ಛಲೋ.

ಕೊಡೋಕಿಂತ ಮೊದಲ ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ ಮುಗಿಸಿ ಕಾರ್ಡ್ ಜೊತೆಗೇ ಕೊಡ್ರಿ. ಮನಿ ಹೋಗಿ ನೋಡ್ರಿ. ಅಪಾರ್ಟ್‌ಮೆಂಟ್ ಆದ್ರ ಬಾಲ್ಕನಿಗೆ ಜಾಳಿಗೆ ಇರಲೇಬೇಕು.

ಎಲ್ಲಾರೂ ತಪ್ಪೋದು ಇಲ್ಲೇ: ಮೊದಲನೇ ದಿನಾನೇ ಹೊರಗ ಬಿಡತಾರ. ಹುಬ್ಬಳ್ಳಿ ನವನಗರದ ಬೆಕ್ಕು ಹತ್ರದ ಭೈರಿದೇವರಕೊಪ್ಪಕ್ಕ ಹೋದ್ರ ಹಳೇ ಮನಿ ಹುಡುಕ್ಕೊಂಡು ಹೊರಡತದ, ನಡುವ ದೊಡ್ಡ ರಸ್ತೆ. ಮೊದಲ ಒಂದೇ ಖೋಲಿ, ಮಂಚದ ಕೆಳಗ ಎರಡ್ಮೂರು ದಿನ ಅಡಗಿದ್ರೂ ಎಳೀಬಾರದು. ಕನಿಷ್ಠ 3–4 ವಾರ ಮನಿಯೊಳಗೇ ಇರಲಿ. ಹಳೇ ಹಾಸಿಗಿ ಅರಿವಿ, ಬೆಕ್ಕು ಶೌಚಕ್ಕ ಬಳಸಿದ ಮರಳು ಒಂದು ಹಿಡಿ ಜೊತೆಗೆ ಕಳಸ್ರಿ, ವಾಸನಿ ಗುರ್ತು ಸಿಗತದ.

ಊಟ 7–10 ದಿನದಾಗ ನಿಧಾನ ಬದಲಿಸ್ರಿ. ಬರೇ ರೊಟ್ಟಿ-ಹಾಲು ಸಾಲೂದಿಲ್ಲ. ಬೆಕ್ಕಿಗೆ ಬೇಕೇ ಬೇಕಾದ ಟೌರಿನ್ ಅನ್ನೋ ಪೋಷಕಾಂಶ ಮಾಂಸ, ಮೀನಿನಾಗ ಸಿಗತದ, ಹಾಲು ಭಾಳ ಬೆಕ್ಕಿಗೆ ಭೇದಿ ಮಾಡತದ. ಶುದ್ಧ ಸಸ್ಯಾಹಾರಿ ಮನಿಯವರು ಅಂಗಡಿ ಕ್ಯಾಟ್ ಫುಡ್ಡಿಗೆ ಒಪ್ಪತಾರೇನು ಅಂತ ಮೊದಲೇ ಕೇಳ್ರಿ.

ಆಟಕ್ಕ ದಿನಾ ಎರಡು ಸಲ, 10–15 ನಿಮಿಷ, ಕಡ್ಡಿಗೆ ದಾರ ಕಟ್ಟಿದ್ರ ಸಾಕು. ಆಟ ಮುಗದ ಮ್ಯಾಲೆ ದಾರ ಎತ್ತಿಡ್ರಿ, ನುಂಗಿದ್ರ ಕರುಳಿನಾಗ ಸಿಕ್ಕೋತದ.