ಲೈನ್ ಫಾಲೋವರ್ ರೋಬೋ ಕಟ್ಟುತ್ತಿದ್ದೀರಾ? ಮೊದಲು ಬ್ಯಾಟರಿ ನೋಡಿ

ಬಿಳಿ ಡ್ರಾಯಿಂಗ್ ಶೀಟ್ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಆ ಗೆರೆಗುಂಟ ಓಡುವ ಪುಟ್ಟ ಗಾಡಿ ಮಾಡಲು ಹೊರಟಿದ್ದರೆ ಮೊದಲ ಮಾತು: ಚೌಕದ 9 ವೋಲ್ಟ್ ಬ್ಯಾಟರಿ ಬೇಡ. ನಾನು ಮೊದಲ ಸಲ ಅದನ್ನೇ ಹಾಕಿದ್ದೆ. ಗಾಡಿ ಒಂದು ಗೇಣು ಹೋಗುತ್ತಿತ್ತು, ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೋ ರೀಸೆಟ್ ಆಗುತ್ತಿತ್ತು, ಮತ್ತೆ ಒಂದು ಗೇಣು. ಎರಡು ದಿನ ಕೋಡ್‌ನಲ್ಲೇ ತಪ್ಪು ಹುಡುಕಿದೆ. ಕೋಡ್ ಸರಿಯಾಗೇ ಇತ್ತು. ಮೋಟರ್ ಶುರುವಾಗುವಾಗ ಜಾಸ್ತಿ ಕರೆಂಟ್ ಎಳೆಯುತ್ತದೆ, ಅಷ್ಟನ್ನು ಕೊಡುವ ತಾಕತ್ತು ಆ ಬ್ಯಾಟರಿಗೆ ಇಲ್ಲ, ವೋಲ್ಟೇಜ್ ಕುಸಿದು ಬೋರ್ಡ್ ಆಫ್ ಆಗಿ ಆನ್ ಆಗುತ್ತದೆ.

ಎರಡು 18650 ಸೆಲ್ (ರೀಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್) ತಗೊಳ್ಳಿ. ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ) ಹಾಕಿದರೆ 7.4 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 8.4. ಎಲ್298ಎನ್ ಮೋಟರ್ ಡ್ರೈವರ್ (ಆರ್ಡುಯಿನೋ ಹೇಳಿದಂತೆ ಮೋಟರ್‌ಗೆ ಕರೆಂಟ್ ಕೊಡುವ ಬೋರ್ಡ್) ತಾನೇ ಸುಮಾರು 2 ವೋಲ್ಟ್ ತಿನ್ನುತ್ತದೆ, ಉಳಿದದ್ದು ಚಕ್ರ ತಿರುಗಿಸುವ ಹಳದಿ ಬಿಒ ಮೋಟರ್‌ಗೆ ಸಾಕು. ಆದರೆ ಹುಷಾರು, ಈ ಸೆಲ್‌ಗಳ ಜೋಡಿಯ ಎರಡು ತುದಿಯ ಪ್ಲಸ್ ಮೈನಸ್ ನೇರವಾಗಿ ಒಂದಕ್ಕೊಂದು ತಾಗಿದರೆ ವೈರ್ ಕ್ಷಣದಲ್ಲಿ ಸುಡುತ್ತದೆ. ಒಂದು ಸ್ವಿಚ್ ಹಾಕಲೇಬೇಕು. ಬೆಂಗಳೂರಿನಲ್ಲಿದ್ದರೆ ಎಸ್‌.ಪಿ. ರೋಡ್‌ನಲ್ಲಿ ಇದೆಲ್ಲ ಸಿಗುತ್ತದೆ.

ಮುಂದಿನದು ಗ್ರೌಂಡ್. ಬ್ಯಾಟರಿಯ ಮೈನಸ್, ಡ್ರೈವರ್‌ನ ಗ್ರೌಂಡ್, ಆರ್ಡುಯಿನೋ ಗ್ರೌಂಡ್, ಮೂರೂ ಒಂದೇ ಕಡೆ ಸೇರಬೇಕು. ಇದೊಂದು ಬಿಟ್ಟರೆ ಚಕ್ರ ಮನಸ್ಸಿಗೆ ಬಂದ ಹಾಗೆ ತಿರುಗುತ್ತದೆ, ಇಲ್ಲಾ ತಿರುಗುವುದೇ ಇಲ್ಲ.

ಈಗ ಗಾಡಿಯನ್ನು ಒಂದು ಲೋಟದ ಮೇಲೆ ಕೂರಿಸಿ, ಚಕ್ರ ಗಾಳಿಯಲ್ಲಿರಲಿ. ಸೆನ್ಸರ್ ಇನ್ನೂ ಬೇಡ, ಬರೀ ಮೋಟರ್ ಓಡಿಸಿ. ಒಂದು ಚಕ್ರ ಹಿಂದಕ್ಕೆ ತಿರುಗಿದರೆ ಆ ಮೋಟರ್‌ನ ಎರಡು ವೈರ್ ಅದಲು ಬದಲು ಮಾಡಿ ಸಾಕು, ಕೋಡ್ ಮುಟ್ಟಬೇಡಿ. ಡ್ರೈವರ್‌ನ ಇಎನ್‌ಎ, ಇಎನ್‌ಬಿ ಪಿನ್‌ಗಳ ಮೇಲಿನ ಜಂಪರ್ (ಚಿಕ್ಕ ಪ್ಲಾಸ್ಟಿಕ್ ಕ್ಯಾಪ್) ತೆಗೆದು ಆ ಪಿನ್‌ಗಳನ್ನು ಆರ್ಡುಯಿನೋದ 5 ಮತ್ತು 6ನೇ ಪಿನ್‌ಗೆ ಕೊಟ್ಟರೆ ವೇಗ ನಿಮ್ಮ ಕೈಯಲ್ಲಿರುತ್ತದೆ. ಕೋಡ್‌ನಲ್ಲಿ ವೇಗಕ್ಕೆ 0ಯಿಂದ 255ರವರೆಗೆ ಅಂಕಿ ಕೊಡಬಹುದು, 120ರಿಂದ ಶುರು ಮಾಡಿ. ತೀರಾ ಕಮ್ಮಿ ಕೊಟ್ಟರೆ ಮೋಟರ್ ಸುಮ್ನೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ.

ಐಆರ್ (ಇನ್ಫ್ರಾರೆಡ್) ಸೆನ್ಸರ್, ಅಂದರೆ ಕಣ್ಣಿಗೆ ಕಾಣದ ಬೆಳಕು ಬಿಟ್ಟು ಅದು ವಾಪಸ್ ಬರುವುದನ್ನು ನೋಡಿ ಗೆರೆ ಗುರುತಿಸುವಂಥದ್ದು, ಎರಡು ಸಾಕು, ಗೆರೆಯ ಆಚೆ ಒಂದು, ಈಚೆ ಒಂದು, ನೆಲದಿಂದ ಸುಮಾರು 1 ಸೆಂ.ಮೀ. ಎತ್ತರದಲ್ಲಿ. ಮಾಡ್ಯೂಲ್ ಮೇಲೆ ನೀಲಿ ಡಬ್ಬಿಯಂಥದ್ದೊಂದು ಇರುತ್ತದೆ ಅಲ್ವಾ, ಅದರ ಸ್ಕ್ರೂ ನಿಧಾನವಾಗಿ ತಿರುಗಿಸುತ್ತಾ ಹೋಗಿ: ಬಿಳಿ ಹಾಳೆ ಮೇಲೆ ಎಲ್‌ಇಡಿ ಹತ್ತಬೇಕು, ಟೇಪ್ ಮೇಲೆ ಬಂದಾಗ ಆರಬೇಕು. ಇದನ್ನು ಗಾಡಿ ಓಡುವ ಜಾಗದಲ್ಲೇ ಮಾಡಿ. ಬಿಸಿಲಿನಲ್ಲೂ ಇನ್ಫ್ರಾರೆಡ್ ಇರುತ್ತದೆ, ಕಿಟಕಿ ಪಕ್ಕ ಇಟ್ಟರೆ ಸೆನ್ಸರ್ ದಾರಿ ತಪ್ಪುತ್ತದೆ.

ಕೋಡ್ ಸುಲಭ. ಎರಡಕ್ಕೂ ಬಿಳಿ ಕಂಡರೆ ನೇರ, ಎಡಗಡೆಯದಕ್ಕೆ ಕಪ್ಪು ಕಂಡರೆ ಎಡ ಚಕ್ರ ನಿಲ್ಲಿಸಿ, ಬಲಕ್ಕೆ ಕಂಡರೆ ಬಲ ಚಕ್ರ. ತಿರುವಿನಲ್ಲಿ ಗೆರೆ ಬಿಟ್ಟು ಆಚೆ ಓಡಿದರೆ ವೇಗ ಹತ್ತು ಹತ್ತು ಇಳಿಸಿ ನೋಡಿ, ಆಗಲೂ ಸರಿಹೋಗದಿದ್ದರೆ ಸೆನ್ಸರ್‌ಗಳನ್ನು ಚಕ್ರಕ್ಕಿಂತ ಇನ್ನೆರಡು ಬೆರಳು ಮುಂದಕ್ಕೆ ಅಂಟಿಸಿ.