ಉಲ್ಹಾಸ್ ಕಣಿವೆಯನ್ನು ಮೇಲಿನಿಂದ ನೋಡಲು: ಕರ್ಜತ್‌ನಿಂದ ರಾಜಮಾಚಿ ಚಾರಣ

ಡೊಂಬಿವಲಿ, ಕಲ್ಯಾಣ, ಬದ್ಲಾಪುರದ ಕನ್ನಡಿಗರ ಮನೆಯ ನಲ್ಲಿಗೆ ಬರುವುದು ಉಲ್ಹಾಸ್ ನದಿಯ ನೀರು. ಆ ನದಿ ಸಹ್ಯಾದ್ರಿಯಿಂದ ಇಳಿದು ಬರುವ ಆಳದ ಕಣಿವೆಯನ್ನು ನೋಡಬೇಕೆಂದರೆ ರಾಜಮಾಚಿಯ ಶ್ರೀವರ್ಧನ ಕೋಟೆ ಹತ್ತಬೇಕು. ಎತ್ತರ ಸುಮಾರು 900 ಮೀಟರ್. ಬೆಳಗಿನ ಮೊದಲ ಲೋಕಲ್ ರೈಲು ಹಿಡಿದರೆ ಒಂದೇ ದಿನದಲ್ಲಿ ಹೋಗಿ ಬರಬಹುದು.

ಮೊದಲು ತಿಂಗಳು ಆರಿಸಿಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಆದರೆ ಆಗ ಕೋಟೆ ಮುಟ್ಟಿದರೂ ಮಂಜಿನಲ್ಲಿ ಕಣಿವೆಯೇ ಕಾಣದ ದಿನಗಳು ಹೆಚ್ಚು. ಬಂಡೆಗಳೆಲ್ಲ ಪಾಚಿ ಕಟ್ಟಿರುತ್ತವೆ, ಹಳ್ಳಗಳು ನೋಡನೋಡುತ್ತಿದ್ದಂತೆ ಏರುತ್ತವೆ. ಮಳೆಗಾಲದಲ್ಲಿ ಇಂಥ ಜಾಗಗಳಿಗೆ ಜಿಲ್ಲಾಡಳಿತ ನಿರ್ಬಂಧ ಹೇರುವುದೂ ಉಂಟು. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಹೋಗಿ ಎನ್ನುವುದು ನನ್ನ ಸಲಹೆ. ಹಸಿರು ಇನ್ನೂ ಇರುತ್ತದೆ, ಆಕಾಶ ತಿಳಿಯಾಗಿರುತ್ತದೆ.

ಕರ್ಜತ್ ಸ್ಟೇಷನ್ನಿನಲ್ಲಿ ಇಳಿದು ಕೊಂಡಿವಡೆಗೆ ಆಟೋ ಹಿಡಿಯಿರಿ. ಹೊರಡುವ ಮುನ್ನ ವಡಾಪಾವ್ ತಿಂದುಬಿಡಿ, ದಾರಿಯಲ್ಲಿ ಅಂಗಡಿ ಇರುತ್ತದೆಂದು ನಂಬಿ ಹೋಗಬೇಡಿ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ಉಪ್ಪು-ಸಕ್ಕರೆ ಬೆರೆಸಿದ ಒಂದು ಬಾಟಲಿ, ಟಾರ್ಚ್, ಹಿಡಿತವಿರುವ ಬೂಟು ಇಷ್ಟು ಸಾಕು. ಏಳೂವರೆಗೆ ಊರಿನಿಂದ ನಡೆಯಲು ಶುರುಮಾಡಿ.

ಸುಮಾರು ಒಂದು ಗಂಟೆಯ ಏರಿನಲ್ಲಿ ಕೊಂಡಾಣೆ ಗುಹೆಗಳು ಸಿಗುತ್ತವೆ. ಬೆವರೊರೆಸಿಕೊಂಡು ಮುಂದೆ ಓಡುವವರೇ ಬಹಳ, ದಯವಿಟ್ಟು ನೀವು ಹಾಗೆ ಮಾಡಬೇಡಿ. ಇವು ಎರಡು ಸಾವಿರ ವರ್ಷ ಹಳೆಯ ಬೌದ್ಧ ಗುಹೆಗಳು. ಚೈತ್ಯದ, ಅಂದರೆ ಪ್ರಾರ್ಥನಾ ಮಂದಿರದ, ಮುಖಭಾಗವನ್ನು ಹತ್ತಿರದಿಂದ ನೋಡಿ: ಕಿಟಕಿ, ಕಟಕಟೆ, ಕಮಾನಿನ ಕೆಳಗಿನ ತೊಲೆ, ಎಲ್ಲವೂ ಮರಗೆಲಸದ ಅಚ್ಚು, ಆದರೆ ಕಡೆದದ್ದು ಕಲ್ಲಿನಲ್ಲಿ. ಒಂದು ಭಗ್ನ ಶಿಲ್ಪದ ತಲೆಯ ಪಕ್ಕ ಬ್ರಾಹ್ಮಿ ಲಿಪಿಯ ಒಂದು ಸಾಲಿದೆ. ಕಣ್ಹನ ಶಿಷ್ಯ ಬಲಕ ಇದನ್ನು ಮಾಡಿದ ಎಂದು ಅದರ ಅರ್ಥ. ಅಷ್ಟು ಹಿಂದಿನ ಕೆಲಸಗಾರನೊಬ್ಬನ ಹೆಸರು ಉಳಿದಿರುವುದು ಅಪರೂಪ. ಆ ಅಕ್ಷರಗಳ ಮೇಲೆ ಕೈಯಾಡಿಸಬೇಡಿ.

ಗುಹೆ ದಾಟಿದ ಮೇಲೆ ದಾರಿ ಕಡಿದಾಗುತ್ತದೆ. ಅಡ್ಡದಾರಿಗಳು ಬಂದು ಅನುಮಾನವಾದರೆ ಮುಂದೆ ನುಗ್ಗದೆ, ದಾರಿ ಖಚಿತವಾಗಿದ್ದ ಕೊನೆಯ ಜಾಗಕ್ಕೆ ಹಿಂತಿರುಗಿ. ಹೊಸಬರಾದರೆ ಕೊಂಡಿವಡೆಯಲ್ಲೇ ದಾರಿ ಬಲ್ಲ ಊರವರೊಬ್ಬರನ್ನು ಕರೆದುಕೊಳ್ಳುವುದು ಇನ್ನೂ ಒಳ್ಳೆಯದು. ಎರಡು ಗಂಟೆಯಲ್ಲಿ ಕೋಟೆಯ ಬುಡದ ಊರು ಉಧೇವಾಡಿ ತಲುಪುತ್ತೀರಿ. ಅಲ್ಲಿನ ಮನೆಗಳಲ್ಲಿ ಪಿಠ್ಲೆ (ಕಡಲೆಹಿಟ್ಟಿನ ಪಲ್ಯ), ಭಾಕ್ರಿ (ರೊಟ್ಟಿ) ಮಾಡಿಕೊಡುತ್ತಾರೆ. ಹೋಗುವಾಗಲೇ "ಮಾವಶಿ, ಇಷ್ಟು ಜನ ಇದ್ದೇವೆ" ಎಂದು ಹೇಳಿ ಹೋದರೆ ಇಳಿದು ಬರುವಷ್ಟರಲ್ಲಿ ಊಟ ಸಿದ್ಧವಿರುತ್ತದೆ. ಪುಣೆಯವರು ಲೋಣಾವಳದಿಂದಲೂ ಇದೇ ಊರಿಗೆ ಬರಬಹುದು, ಸುಮಾರು 15 ಕಿ.ಮೀ. ದಾರಿ. ಉದ್ದವೇ ಹೊರತು ಏರು ಕಡಿಮೆ.

ಊರಿನಿಂದ ಭೈರವನಾಥನ ಗುಡಿಗೆ ಹೋಗಿ. ಅಲ್ಲಿ ದಾರಿ ಕವಲೊಡೆಯುತ್ತದೆ: ಒಂದು ಕಡೆ ರಾಜಮಾಚಿಯ ಇನ್ನೊಂದು ಕೋಟೆ ಮನರಂಜನ, ಇನ್ನೊಂದು ಕಡೆ ಶ್ರೀವರ್ಧನ. ಸಮಯ ಒಂದಕ್ಕೇ ಇದ್ದರೆ ಎತ್ತರದ ಶ್ರೀವರ್ಧನವನ್ನೇ ಹತ್ತಿ.

ಮೇಲೆ ನಿಂತರೆ ಉಲ್ಹಾಸ್ ಕಣಿವೆ ಕಾಲ ಕೆಳಗೆ ಬಾಯ್ದೆರೆದಿರುತ್ತದೆ. ಮಳೆ ನಿಂತು ಹೆಚ್ಚು ದಿನವಾಗಿರದಿದ್ದರೆ ಕಾತಳಧಾರ್ ಜಲಪಾತ ಬಂಡೆಯ ಗೋಡೆಯಿಂದ ಬೀಳುವುದು ಕಾಣುತ್ತದೆ. ಕಣಿವೆಯಾಚೆಯ ಬೆಟ್ಟದ ಮಗ್ಗುಲಲ್ಲಿ 1863ರಲ್ಲಿ ಶುರುವಾದ ಬೋರ್ ಘಾಟ್ ರೈಲು ಮಾರ್ಗವಿದೆ. ಕರ್ಜತ್‌ನಲ್ಲಿ ರೈಲಿನ ಹಿಂಬದಿಗೆ ಜೋಡಿಸಿದ ಎಂಜಿನ್‌ಗಳು ತಳ್ಳುತ್ತಿರಲು ರೈಲು ಒಂದು ಸುರಂಗದಿಂದ ಹೊರಬಿದ್ದು ಇನ್ನೊಂದರೊಳಗೆ ನುಗ್ಗುತ್ತದೆ. ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಘಟ್ಟ ಹತ್ತುವುದೂ ಇಲ್ಲೇ. ಊರಿಗೆ ಹೋಗುವಾಗ ಕಿಟಕಿಯಿಂದ ಕಂಡ ಪ್ರಪಾತದ ನಿಜವಾದ ಆಳ ತಿಳಿಯುವುದು ಈ ಕಡೆಯಿಂದ ನೋಡಿದಾಗ. ಮಂಜು ಕವಿದಿದ್ದರೆ ಅರ್ಧ ಗಂಟೆ ಕಾಯಿರಿ, ಗಾಳಿ ಬೀಸಿದರೆ ಸರಿಯಬಹುದು. ಆದರೆ ಅಂಚಿನ ಹುಲ್ಲನ್ನು ನಂಬಬೇಡಿ, ಅದರಡಿ ಮಣ್ಣು ಸಡಿಲವಾಗಿರುತ್ತದೆ. ಫೋಟೋಗೆಂದು ಹಿಂದಕ್ಕೆ ಹೆಜ್ಜೆ ಇಡಲೇಬೇಡಿ.

ಮಧ್ಯಾಹ್ನ ಒಂದೂವರೆಗೆ ಎಲ್ಲಿದ್ದರೂ ಇಳಿಯಲು ಶುರುಮಾಡಿ, ಕೋಟೆ ಮುಟ್ಟಿರದಿದ್ದರೂ ಸರಿಯೇ. ಇಳಿಜಾರಿನಲ್ಲಿ ಮಂಡಿ ದಣಿಯುತ್ತದೆ, ಕಾಡಿನಲ್ಲಿ ಕತ್ತಲೆ ಬೇಗ ಕವಿಯುತ್ತದೆ. ಕರ್ಜತ್‌ನಿಂದ ಲೋಕಲ್‌ಗಳು ರಾತ್ರಿಯೂ ಇವೆ, ಕೊಂಡಿವಡೆಯಿಂದ ಸ್ಟೇಷನ್ನಿಗೆ ಆಟೋ ಸಿಗುವುದೇ ಕಷ್ಟ. ಬೆಳಿಗ್ಗೆ ಬಿಟ್ಟುಹೋದ ಆಟೋದವರ ನಂಬರ್ ಬರೆದುಕೊಂಡು, ಸಂಜೆ ಐದಕ್ಕೆ ಬನ್ನಿ ಎಂದು ಆಗಲೇ ಹೇಳಿಡಿ.